ಸರ್ ನಾರಾಯಣ ಗಣೇಶ ಚಂದಾವರಕರ

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಸೀಮೆಯ ಒಕ್ಕಲಿಗನೊಬ್ಬನು ಹೊಲದ ಬದುವಿಗಾಗಿಯೋ ದತ್ತಕದ ಹಕ್ಕಿಗಾಗಿಯೋ ವ್ಯಾಜ್ಯ ಹೂಡಿ ಧಾರವಾಡದ ಜಿಲ್ಲಾ ನ್ಯಾಯಾಲಯದಲ್ಲಿ ಸೋತನೆಂದರೆ, ಮುಂದೆ ಅವನಿಗಿದ್ದುದು ಮುಂಬಯಿಯ ದಾರಿಯೊಂದೇ. ಪೇಶವೆಯರ ಆಳಿಕೆ ಮುಗಿದ 1818ರಿಂದ ಆ ನಾಡು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದರ ನಡುವೆಯೇ ಇದ್ದ ಸವಣೂರು ಮಾತ್ರ 1948ರವರೆಗೆ ನವಾಬರ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಕನ್ನಡಿಗರ ಜಗಳಗಳು ಇಂಗ್ಲಿಷಿಗೆ ಭಾಷಾಂತರಗೊಂಡು ಅರಬ್ಬೀ ಸಮುದ್ರದ ದಡದಲ್ಲಿ ತೀರ್ಮಾನವಾಗುತ್ತಿದ್ದ ಆ ಕಾಲದಲ್ಲಿ, ನಮ್ಮ ಕರಾವಳಿಯಲ್ಲಿಯೇ ಹುಟ್ಟಿದವರೊಬ್ಬರು ಅಲ್ಲಿಯ ಪೀಠದಲ್ಲಿ ಹನ್ನೊಂದು ವರ್ಷಕ್ಕೂ ಮಿಕ್ಕು ಕುಳಿತಿದ್ದರು. ಅವರ ಜೀವಿತವನ್ನು ಇಂದು ನಾವು ನೆನೆಯುತ್ತೇವೆ.

ನಾರಾಯಣರಾಯರು ಜನಿಸಿದುದು 1855ರ ಡಿಸೆಂಬರಿನಲ್ಲಿ, ಹೊನ್ನಾವರದಲ್ಲಿ. ಆಗ ಕೆನರಾ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. 1862ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿಗೆ ಸೇರಿಸಿದರು. ಸರಕಾರದ ಒಂದು ಅಪ್ಪಣೆಯಿಂದ ಒಬ್ಬ ಬಾಲಕನ ಮುಖ ಯಾವ ಪಟ್ಟಣದ ಕಡೆಗೆ ತಿರುಗುವುದೆಂಬುದು ನಿಶ್ಚಯವಾಗುತ್ತದೆ! ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವವನ್ನು ವಹಿಸಿ, ಆ ಕೆಲಸದ ನಡುವೆಯೇ ಕಾನೂನು ಪದವಿಯನ್ನು ಪಡೆದು ಅವರು ವಕೀಲಿಗೆ ಇಳಿದರು.

1885ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಚುನಾವಣೆ ಬಂದಾಗ, ಭಾರತದ ಅಹವಾಲನ್ನು ಅಲ್ಲಿಯ ಮತದಾರರ ಮುಂದಿಡಲು ಮೂವರನ್ನು ಕಳುಹಿಸಿದರು: ಕಲಕತ್ತೆಯಿಂದ ಮನಮೋಹನ ಘೋಷರು, ಮದರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರರು, ಮುಂಬಯಿಯಿಂದ ಇನ್ನೂ ಮೂವತ್ತು ತುಂಬದಿದ್ದ ಚಂದಾವರಕರರು. ಅವರು ಹಿಂದಿರುಗುವ ಹೊತ್ತಿಗೆ ಅದೇ ಮುಂಬಯಿಯಲ್ಲಿ ಕಾಂಗ್ರೆಸ್ ಜನ್ಮವೆತ್ತುತ್ತಿತ್ತು. ಹದಿನೈದು ವರ್ಷಗಳ ತರುವಾಯ, 1900ರಲ್ಲಿ, ಲಾಹೋರಿನ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು. ಮರುವರ್ಷ ರಾನಡೆಯವರು ಕಾಲವಾಗಲು, ಅವರಿಂದ ತೆರವಾದ ಹೈಕೋರ್ಟಿನ ಪೀಠವು ಚಂದಾವರಕರರಿಗೆ ಲಭಿಸಿತು. ರಾಜಕಾರಣದ ವೇದಿಕೆಯನ್ನು ಅವರು ಬಿಡಬೇಕಾಯಿತು. ಸಮಾಜಸುಧಾರಣೆಯನ್ನು ಬಿಡಲಿಲ್ಲ. ಪ್ರಾರ್ಥನಾ ಸಮಾಜದ ನೇತೃತ್ವ ಅವರದಾಗಿತ್ತು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಸ್ಥಾಪಿಸಿದ ಸಂಘಕ್ಕೂ ಅವರೇ ಅಧ್ಯಕ್ಷರು.

ಇನ್ನು ಅವರ ಜೀವಿತದ ಕಠಿನವಾದ ಭಾಗಕ್ಕೆ ಬರೋಣ. 1909ರಲ್ಲಿ, ರಾಜದ್ರೋಹದ ಪದ್ಯಗಳನ್ನು ಪ್ರಕಟಿಸಿದರೆಂದು ಗಣೇಶ ದಾಮೋದರ ಸಾವರಕರರಿಗೆ ನಾಸಿಕದಲ್ಲಿ ಆಜನ್ಮ ದ್ವೀಪಾಂತರದ ಶಿಕ್ಷೆಯಾಯಿತು. ಮೇಲ್ಮನವಿಯು ಚಂದಾವರಕರ ಮತ್ತು ಹೀಟನ್‌ರ ಮುಂದೆ ಬಂದು ವಜಾ ಆಯಿತು. ಆ ಡಿಸೆಂಬರಿನಲ್ಲಿಯೇ ನಾಸಿಕದ ಕಲೆಕ್ಟರ್ ಜಾಕ್ಸನ್ ಗುಂಡಿಗೆ ಬಲಿಯಾದನು. ಮರುವರ್ಷ ವಿನಾಯಕ ಸಾವರಕರರನ್ನು ವಿಚಾರಿಸಿದ ವಿಶೇಷ ನ್ಯಾಯಮಂಡಲಿಯ ಮೂವರಲ್ಲಿ ಏಕೈಕ ಭಾರತೀಯರು ಚಂದಾವರಕರರೇ. ಅಲ್ಲಿಯೂ ಆಜನ್ಮ ದ್ವೀಪಾಂತರವೇ ತೀರ್ಪು.

ಒಮ್ಮೆ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಹೀಗೆ ಮಾಡಬಹುದೇ ಎಂದು ಕೇಳುವವರುಂಟು. 1897ರಲ್ಲಿ ತಿಲಕರಿಗೆ ಜಾಮೀನು ಕೊಟ್ಟ ಬದ್ರುದ್ದೀನ್ ತ್ಯಾಬ್ಜಿಯವರೂ ಹಿಂದೆ ಕಾಂಗ್ರೆಸ್ ಅಧ್ಯಕ್ಷರೇ ಎಂಬುದನ್ನು ಅವರು ಎತ್ತಿ ತೋರಿಸುತ್ತಾರೆ. ಆದರೆ ಜಾಮೀನು ಬೇರೆ, ಕೊನೆಯ ತೀರ್ಪು ಬೇರೆ. ಚಂದಾವರಕರರು ಬಂದೂಕಿನ ರಾಜಕಾರಣವನ್ನು ಎಂದೂ ಒಪ್ಪಿದವರಲ್ಲ. ಆದುದರಿಂದ ಅವರು ತಮ್ಮ ಮತವನ್ನು ಮಾರಿಕೊಂಡರೆನ್ನುವುದು ನಮಗೆ ಸರಿತೋರದು. ಶಿಕ್ಷೆಯ ಕ್ರೌರ್ಯವನ್ನು ಮಾತ್ರ ನಾವು ಸಮರ್ಥಿಸಲಾರೆವು. ಪದ್ಯಗಳನ್ನು ಅಚ್ಚು ಹಾಕಿಸಿದ್ದಕ್ಕೆ ಅಂಡಮಾನ್! 1910ರಲ್ಲಿಯೇ ಅವರಿಗೆ ಸರ್ ಪದವಿ ಬಂದುದು ಜನರ ಸಂಶಯಕ್ಕೆ ಇನ್ನಷ್ಟು ಇಂಬುಗೊಟ್ಟಿದ್ದರೆ ಆಶ್ಚರ್ಯವಿಲ್ಲ.

ಪೀಠವನ್ನು ಬಿಟ್ಟ ಮೇಲೆ ಅವರು ಕೆಲಕಾಲ ಇಂದೂರಿನ ದಿವಾನರಾಗಿದ್ದರು. 1918ರಲ್ಲಿ ಸೌಮ್ಯಪಕ್ಷದ ಮುಂದಾಳುಗಳಲ್ಲೊಬ್ಬರಾಗಿ ರಾಜಕಾರಣಕ್ಕೆ ಮರಳಿದರು. ಜಲಿಯನ್‌ವಾಲಾ ಬಾಗಿನ ಕೊಲೆಯನ್ನು ಕುರಿತ ಹಂಟರ್ ಸಮಿತಿಯ ವರದಿಯನ್ನು ಪ್ರತಿಭಟಿಸಲು 1920ರಲ್ಲಿ ಮುಂಬಯಿಯಲ್ಲಿ ಸಭೆ ಸೇರಿದಾಗ, ಠರಾವನ್ನು ಮಂಡಿಸಿದವರು ಗಾಂಧೀಜಿ, ಅಧ್ಯಕ್ಷಪೀಠದಲ್ಲಿದ್ದವರು ಚಂದಾವರಕರರು. 1921ರಲ್ಲಿ ಮುಂಬಯಿಯ ಶಾಸನಸಭೆಗೆ ಸರಕಾರಿ ಅಧಿಕಾರಿಯಲ್ಲದ ಮೊದಲ ಅಧ್ಯಕ್ಷರಾಗಿ ಅವರು ನಿಯುಕ್ತರಾದರು. ಆ ಪದವಿಯಲ್ಲಿರುವಾಗಲೇ, 1923ರ ಮೇ 14ರಂದು, ಬೆಂಗಳೂರಿನಲ್ಲಿ ತೀರಿಕೊಂಡರು.