ಊಟಕ್ಕೆ ಅಡ್ಡ ಬರದಷ್ಟು

ಗ್ರಂಧಿಗೆ ಅಂಗಡಿಗೆ ಬರುವ ಹೆಂಗಸರು ಬೇಕಾದ್ದನ್ನು ಹೆಸರಿಟ್ಟು ಕೇಳುತ್ತಾರೆ. ಬಾಣಂತಿಗೆ ಇಷ್ಟು ಹಿಪ್ಪಲಿ, ಕೂಸಿಗೆ ಒಂದು ತುಂಡು ಬಜೆ, ಒಂದು ಮಾಚಿಕಾಯಿ. ಅರವತ್ತು ದಾಟಿದ ಗಂಡಸರು ಹಾಗಲ್ಲ. ಪಕ್ಕದ ಗಿರಾಕಿ ಹೋಗುವವರೆಗೆ ಲಾವಂಚದ ಕಟ್ಟನ್ನು ಮೂಸುತ್ತಾ ನಿಂತಿದ್ದು, ಆಮೇಲೆ ದನಿ ತಗ್ಗಿಸಿ, “ಶೆಟ್ರೇ, ಸ್ವಲ್ಪ ಶಕ್ತಿಗೆ ಏನಾದ್ರೂ ಇದ್ರೆ ಕೊಡಿ” ಎನ್ನುತ್ತಾರೆ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಆಸುಪಾಸಿನ ನಮ್ಮ ಅಂಗಡಿಯಲ್ಲಿ ತಾತ ಕೇಳಿದ್ದು, ಅಪ್ಪ ಕೇಳಿದ್ದು, ಈಗ ನಾನು ಕೇಳುತ್ತಿರುವುದು ಇದೇ ಮಾತು. ಶಕ್ತಿ ಎಂದರೆ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ನಿದ್ದೆ, ಮತ್ತೊಬ್ಬರಿಗೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವ ಕಾಟ, ಕೆಲವರಿಗೆ ಹೆಂಡತಿಯ ಎದುರೂ ಆಡಲಾಗದ ಸಂಕಟ. ಈ ಒಂದೇ ಬೇಡಿಕೆಗೆ ನಮ್ಮ ಕಡೆ ಕಾಲಕಾಲಕ್ಕೆ ಏನೇನು ಕೊಡುತ್ತಾ ಬಂದರು ಎಂಬುದನ್ನು ಗಲ್ಲೆಯ ಹಿಂದೆ ಕೂತು ಕಂಡವನು ಬರೆದಿಡಬೇಕು ಅನ್ನಿಸಿತು.

ಅಪ್ಪ ಯಾವ ಡಬ್ಬಿಯನ್ನೂ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದರು. “ಹಸಿವು ಹೇಗಿದೆ ಸ್ವಾಮಿ? ಹಲ್ಲು ಗಟ್ಟಿ ಇದೆಯಾ? ಬೆಳಿಗ್ಗೆ ಹೊಟ್ಟೆ ಸಲೀಸಾಗಿ ಹೋಗುತ್ತಾ?” ಹಸಿವಿಲ್ಲ ಅಂದವರಿಗೆ ಲೇಹ್ಯ ಕೊಡುತ್ತಿರಲಿಲ್ಲ. ಶುಂಠಿ, ಜೀರಿಗೆ, ಓಮ ಕಟ್ಟಿಕೊಟ್ಟು, “ಹದಿನೈದು ದಿನ ಇದು ಕುಡೀರಿ, ಊಟ ಸೇರಿದ ಮೇಲೆ ಬನ್ನಿ” ಅನ್ನುತ್ತಿದ್ದರು. ಬಂದ ವ್ಯಾಪಾರ ಬಿಟ್ಟುಕೊಡುತ್ತಾರಲ್ಲ ಎಂದು ಹುಡುಗನಾಗಿದ್ದ ನನಗೆ ಸಂಕಟವಾಗುತ್ತಿತ್ತು. ಅದರ ಹಿಂದೆ ಎಷ್ಟು ಹಳೆಯ ಪಾಠವಿದೆ ಎಂಬುದು ತಿಳಿದದ್ದು ತಾತನ ಕಾಲದ ಪುಸ್ತಕಗಳನ್ನು ತಿರುವಿಹಾಕಲು ಶುರುಮಾಡಿದಾಗ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ರಸಾಯನ. ಚ್ಯವನಪ್ರಾಶ ಇರುವುದು ಅಲ್ಲಿ. ಬಿಲ್ವ, ಅಗ್ನಿಮಂಥ ಮೊದಲಾದ ಬೇರು, ತೊಗಟೆಗಳು ತಲಾ ಒಂದು ಪಲ. ಪಲ ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು 48 ಗ್ರಾಂ. ನೆಲ್ಲಿಕಾಯಿ 500. ತುಪ್ಪ, ಎಣ್ಣೆ ಸೇರಿ 12 ಪಲ. ಸಕ್ಕರೆ 50 ಪಲ. ಆರಿದ ಮೇಲೆ ಜೇನು 6 ಪಲ, ಹಿಪ್ಪಲಿ 2 ಪಲ, ಜೊತೆಗೆ ಬಿದಿರುಪ್ಪು, ಚಕ್ಕೆ, ಏಲಕ್ಕಿ, ತಮಾಲಪತ್ರೆ, ನಾಗಕೇಸರ. ಪಾಕದ ಕೊನೆಗೆ ಬರುವ ಅಳತೆಯ ಮಾತನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಒಂದು ಚಮಚ, ಎರಡು ಚಮಚ ಎಂಬ ಲೆಕ್ಕ ಅಲ್ಲಿಲ್ಲ. ತಿನ್ನುವವನ ಊಟಕ್ಕೆ ಅಡ್ಡ ಬರದಷ್ಟು ತಿನ್ನಬೇಕು, ಅಷ್ಟೇ. ಅಪ್ಪನ ಮೊದಲ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಊಟವೇ ಮುಖ್ಯ, ಲೇಹ್ಯ ಅದರ ಬೆಂಬಲಕ್ಕೆ ಎಂದು ಬಗೆದವರು ಮಾತ್ರ ಹಾಗೆ ಅಳತೆ ಹೇಳಬಲ್ಲರು.

ಇನ್ನೊಂದು ಮಾತನ್ನು ಸುಶ್ರುತ, ವಾಗ್ಭಟ ಇಬ್ಬರೂ ಹೇಳುತ್ತಾರೆ. ರಸಾಯನವನ್ನು ಮೊದಲ ವಯಸ್ಸಿನಲ್ಲಿ ಇಲ್ಲವೇ ನಡುವಯಸ್ಸಿನಲ್ಲಿ ತೆಗೆದುಕೊಳ್ಳಬೇಕು, ಅದೂ ಹೊಟ್ಟೆ ಶುದ್ಧ ಮಾಡಿಕೊಂಡ ಮೇಲೆ. ಹಾಗೆ ಮಾಡದಿದ್ದರೆ ಕೊಳೆಬಟ್ಟೆಗೆ ಬಣ್ಣ ಅದ್ದಿದಂತೆ, ಹತ್ತುವುದಿಲ್ಲ. ಎಂಬತ್ತರ ಮುದುಕನನ್ನು ಇಪ್ಪತ್ತರವನಾಗಿ ಮಾಡುವ ಭರವಸೆ ಜನರ ತಲೆಗೆ ಬಂದದ್ದು ಚ್ಯವನ ಋಷಿಯ ಕಥೆಯಿಂದ. ಆದರೆ ಮಹಾಭಾರತದ ವನಪರ್ವದಲ್ಲಿ ಲೇಹ್ಯದ ಸುದ್ದಿಯೇ ಇಲ್ಲ. ಶರ್ಯಾತಿಯ ಮಗಳು ಸುಕನ್ಯೆಯ ಗಂಡನಾದ ಮುದಿ ಚ್ಯವನ ಅಶ್ವಿನೀದೇವತೆಗಳ ಜೊತೆ ನೀರಿನಲ್ಲಿ ಮುಳುಗಿ ಯುವಕನಾಗಿ ಏಳುತ್ತಾನೆ. ಅವನು ಲೇಹ್ಯ ತಿಂದು ಯೌವನ ಪಡೆದ ಎಂದು ಹೇಳುವುದು ವೈದ್ಯಗ್ರಂಥ. ವಾಜೀಕರಣವನ್ನಂತೂ ಚರಕ ಬೇರೆಯೇ ಅಧ್ಯಾಯವಾಗಿ, ಎರಡನೆಯದಾಗಿ ಇಟ್ಟಿದ್ದಾನೆ. ರಸಾಯನ ದೇಹ ಕಾಪಾಡುವ ವಿಚಾರ, ವಾಜೀಕರಣ ಸಂತಾನದ, ಸಂಸಾರಸುಖದ ವಿಚಾರ. ಎರಡೂ ಕಲಸಿಹೋದದ್ದು ಬಹಳ ಈಚೆಗೆ, ಅಚ್ಚಿನ ಜಾಹೀರಾತುಗಳ ಕಾಲದಲ್ಲಿ.

ಕನ್ನಡದಲ್ಲೂ ಈ ವಿದ್ಯೆ ಹಳೆಯದು. ಎರಡನೆಯ ಚಾವುಂಡರಾಯನ ಲೋಕೋಪಕಾರ 1025ರ ಸುಮಾರಿನದು. ಬೇಸಾಯ, ಅಡುಗೆ, ಔಷಧ ಎಲ್ಲವನ್ನೂ ಒಟ್ಟಿಗೇ ಇಟ್ಟ ಪುಸ್ತಕ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕರ್ಣಾಟಕ ಕಲ್ಯಾಣಕಾರಕ ಬರೆದ. ಅವನು ಜೈನ, ಅವನ ಚಿಕಿತ್ಸೆಯಲ್ಲಿ ಮಾಂಸವಿಲ್ಲ, ಮದ್ಯವಿಲ್ಲ. ಬಲಕ್ಕೆ ಮಾಂಸರಸವೇ ಬೇಕು ಎನ್ನುತ್ತಿದ್ದ ಪರಂಪರೆಯ ಎದುರು ಸೊಪ್ಪು, ಬೇರು, ಕಾಳು ಇಟ್ಟುಕೊಂಡು ವೈದ್ಯ ಮಾಡಬಲ್ಲೆ ಎಂದು ಹೊರಟದ್ದು ಸಣ್ಣ ಧೈರ್ಯವಲ್ಲ.

ಲೇಹ್ಯ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಹಿತ್ತಲಿನಲ್ಲಿ. ತುಳಸಿಪೂಜೆಗೆ ನೆಲ್ಲಿಕೊಂಬೆ ಮಾರುಕಟ್ಟೆಗೆ ಬಂತೆಂದರೆ ಕಾಯಿ ಬಲಿಯುತ್ತಿದೆ ಎಂದರ್ಥ. ಕಾರ್ತೀಕದಿಂದ ಮಾಘದವರೆಗೆ ಕೆಲಸ. ಪಾಠದಲ್ಲಿ ನೆಲ್ಲಿಕಾಯಿಗೆ ಎಣಿಕೆ ಇದೆಯೇ ಹೊರತು ತೂಕವಿಲ್ಲ. ಕಾಡಿನ ನೆಲ್ಲಿ ಗೋಲಿಯಷ್ಟು, ಕಸಿ ಮಾಡಿದ ಬನಾರಸಿ ತಳಿ ಅದರ ಮೂರು ನಾಲ್ಕು ಪಟ್ಟು. ಐನೂರು ಎಣಿಸಿ ಯಾವುದನ್ನು ಹಾಕಿದರೂ ಪಾಠ ತಪ್ಪುವುದಿಲ್ಲ, ಲೇಹ್ಯ ಮಾತ್ರ ಬೇರೆಯೇ ಆಗುತ್ತದೆ. ತಾತ ಬಿಳಿಗಿರಿರಂಗನ ಬೆಟ್ಟದ ಕಡೆಯ ಸಣ್ಣ ಕಾಯಿಯನ್ನೇ ತರಿಸುತ್ತಿದ್ದರು. ಹುಳಿ, ಒಗರು ಅದರಲ್ಲಿ ಹೆಚ್ಚು.

ಕಾಯಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಕಷಾಯದೊಳಗೆ ಇಳಿಬಿಡುತ್ತಿದ್ದರು. ಪಾತ್ರೆ ತಾಮ್ರದ್ದು, ಪ್ರತಿವರ್ಷ ಕಲಾಯಿ ಹಾಕಿಸದಿದ್ದರೆ ನೆಲ್ಲಿಯ ಹುಳಿಗೆ ಕಿಲುಬು ಬಿಟ್ಟು ವಿಷವಾಗುತ್ತದೆ. ಬೆಂದ ಕಾಯಿಯ ಬೀಜ ಬಿಡಿಸಿ, ಕೊಪ್ಪರಿಗೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಂಗೈಯಿಂದ ತಿಕ್ಕಬೇಕು. ನಾರು ಮೇಲೆ ಉಳಿದು ತಿರುಳು ಕೆಳಗೆ ಇಳಿಯುತ್ತದೆ. ಅಜ್ಜಿಯ ಅಂಗೈ ಆ ದಿನಗಳಲ್ಲಿ ಕಪ್ಪಾಗಿರುತ್ತಿತ್ತು. ತಿರುಳನ್ನು ತುಪ್ಪ, ಎಳ್ಳೆಣ್ಣೆಯಲ್ಲಿ ಹುರಿಯುತ್ತಾ ಹೋದರೆ ಮೊದಲು ಅಂಟುತ್ತದೆ, ಆಮೇಲೆ ಎಣ್ಣೆಯನ್ನು ಮತ್ತೆ ಹೊರಗೆ ಬಿಡುತ್ತದೆ. ಅಲ್ಲಿಗೆ ಹುರಿದದ್ದು ಸಾಕು. ಪಾಕ ಸೇರಿಸಿ ಮಗುಚಿದ ಮೇಲೆ ಪರೀಕ್ಷೆ. ಒಂದು ಹನಿ ನೀರಿಗೆ ಬಿಟ್ಟರೆ ಹರಡದೆ ಮುಳುಗಬೇಕು. ಬೆರಳ ನಡುವೆ ಒತ್ತಿದರೆ ಬೆರಳಿನ ಗೆರೆ ಮೂಡಬೇಕು. ಜೇನನ್ನು ಒಲೆಯ ಮೇಲಿರುವಾಗ ಯಾರಾದರೂ ಹಾಕಲು ಹೋದರೆ ತಾತ ಸಿಡಿದೇಳುತ್ತಿದ್ದರು. ಪೂರ್ತಿ ಆರಿದ ಮೇಲೆಯೇ ಜೇನು.

ಪಾಠದಲ್ಲಿರುವ, ಅಷ್ಟವರ್ಗ ಎಂಬ ಎಂಟು ಮೂಲಿಕೆಗಳ ಗುಂಪಿನ ಗೆಡ್ಡೆಗಳು ನಮ್ಮ ಕಡೆ ಕಣ್ಣಿಗೂ ಬೀಳುತ್ತಿರಲಿಲ್ಲ, ಅವು ಹಿಮಾಲಯದವು. ಹದಿನಾರನೆಯ ಶತಮಾನದ ಭಾವಪ್ರಕಾಶವೇ ಅವು ಸಿಗುವುದು ಕಷ್ಟ ಎಂದು ಬದಲಿ ಹೇಳಿಬಿಟ್ಟಿದೆ: ಮೇದಾ, ಮಹಾಮೇದಾಕ್ಕೆ ಶತಾವರಿ, ಜೀವಕ, ಋಷಭಕಕ್ಕೆ ನೆಲಗುಂಬಳ, ಕಾಕೋಲಿ ಜೋಡಿಗೆ ಅಶ್ವಗಂಧ, ಋದ್ಧಿ, ವೃದ್ಧಿಗೆ ವಾರಾಹಿ ಗೆಡ್ಡೆ. ಅಸಲಿ ಸಾಮಾನು ಹಾಕಿದ್ದೇವೆ ಎಂದು ಹೇಳಿಕೊಳ್ಳುವ ಡಬ್ಬಿ ಕಂಡಾಗಲೆಲ್ಲ ನಾನು ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ಓದುತ್ತೇನೆ.

ಲೇಹ್ಯ ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಉಳಿದ ಮುದುಕರನ್ನು ಸಾಕಿದ್ದು ಅಡುಗೆಮನೆ. ನಮ್ಮ ಕಡೆ ಹುರುಳಿಕಟ್ಟಿನ ಸಾರು, ರಾಗಿ ಅಂಬಲಿ, ಹಲ್ಲು ಬಿದ್ದವರಿಗೆ ಹಾಲು ಬೆಲ್ಲದಲ್ಲಿ ಕಲಸಿದ ಹುರಿಹಿಟ್ಟು. ಧಾರವಾಡ, ಬೆಳಗಾವಿ ಕಡೆ ಚಳಿಗಾಲಕ್ಕೆ ಅಂಟಿನುಂಡೆ: ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಬಾಣಂತಿಗೆ ಕಟ್ಟಿದ ಉಂಡೆಯಲ್ಲಿ ಮನೆಯ ಹಿರಿಯರಿಗೂ ಪಾಲು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೋಟೀನು ಎಂದು ಅಂದಿನವರಿಗೆ ಯಾರೂ ಹೇಳಿರಲಿಲ್ಲ. ಈಗ ಅಂಕಿ ಗೊತ್ತಿರುವ ನಿವೃತ್ತ ಮೇಷ್ಟ್ರುಗಳು ಹುರುಳಿ ಬಿಟ್ಟು ಪ್ರೋಟೀನ್ ಪುಡಿಯ ಡಬ್ಬ ಹಿಡಿದು ಬರುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಬದಲಾವಣೆಯ ಗಾಳಿ ಎದ್ದದ್ದು ದೂರದ ಪ್ಯಾರಿಸ್ಸಿನಲ್ಲಿ. 1889ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಹರೆಯದ ಕಸುವು ಮರಳಿತು ಎಂದು ವಿದ್ವಾಂಸರ ಸಭೆಯಲ್ಲಿ ಸಾರಿದ. ಆ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿ ಹೆಸರಿಟ್ಟದ್ದು 1935ರಲ್ಲಿ. ಅಷ್ಟರೊಳಗೆ ವ್ಯಾಪಾರ ಬೆಳೆದುಬಿಟ್ಟಿತ್ತು. 1930ರ ದಶಕದ ಮುಂಬಯಿ ಪತ್ರಿಕೆಗಳಲ್ಲಿ ಜರ್ಮನಿಯ ಒಕಾಸಾ ಮಾತ್ರೆಯ ಜಾಹೀರಾತು, ಗಂಡಸರಿಗೆ ಬೆಳ್ಳಿಯದು, ಹೆಂಗಸರಿಗೆ ಚಿನ್ನದ್ದು. ಜಾಮ್‌ನಗರದ ಆತಂಕ ನಿಗ್ರಹ ಗುಳಿಗೆಗಳೂ ಅಚ್ಚಿನ ಬಲದಿಂದಲೇ ದೇಶ ಸುತ್ತಿದವು. ಮುದಿತನದ ಸುಸ್ತೆಲ್ಲ ‘ನರದೌರ್ಬಲ್ಯ’ವಾಗಿ, ರಸಾಯನ ಮತ್ತು ವಾಜೀಕರಣ ಒಂದೇ ಸೀಸೆಯೊಳಗೆ ಇಳಿದವು. ಜಾಹೀರಾತು ಕೊಟ್ಟು ಅಂಚೆಯಲ್ಲಿ ಔಷಧ ಕಳಿಸುವವರು ಹಸಿವು ಹೇಗಿದೆ ಎಂದು ಕೇಳುತ್ತಾರೆಯೇ? ಗಿರಾಕಿಯ ಮುಖ ನೋಡದೆ ಔಷಧ ಮಾರುವ ಪದ್ಧತಿ ಬಂದದ್ದೇ ಈ ಇತಿಹಾಸದ ದೊಡ್ಡ ತಿರುವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಹೊಸದೆಲ್ಲ ಕೆಟ್ಟದ್ದಲ್ಲ. ಮೈಸೂರಿನಲ್ಲಿ 1908ರಲ್ಲೇ ಸರ್ಕಾರಿ ಆಯುರ್ವೇದ ಶಾಲೆ ಶುರುವಾಗಿತ್ತು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಅವರ ಹಲ್ಲುಪುಡಿ ಮನೆಮನೆ ಸೇರಿತು. ಡಾಬರ್ 1949ರಲ್ಲಿ ಚ್ಯವನಪ್ರಾಶವನ್ನು ಡಬ್ಬಿಗೆ ತುಂಬಿತು. ಅಪ್ಪಟ ವಿಜ್ಞಾನವೂ ನೆಲ್ಲಿಕಾಯಿಯ ಪರ ನಿಂತಿತು. ಉತ್ತರ ಭಾರತದ ಹಿಸಾರ್‌ನಲ್ಲಿ 1939–40ರ ಬರಗಾಲದಲ್ಲಿ ವಸಡಿನಿಂದ ರಕ್ತ ಸುರಿಯುವ ಸ್ಕರ್ವಿ ಹಬ್ಬಿದಾಗ ನೆಲ್ಲಿಕಾಯಿ ಕೊಟ್ಟು ಜನರನ್ನು ಉಳಿಸಿದರು. 1954ರ ಕಾನೂನು ಮಾಂತ್ರಿಕ ಔಷಧಗಳ ಜಾಹೀರಾತಿಗೆ ಕಡಿವಾಣ ಹಾಕಿತು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 1964ರ ತಿದ್ದುಪಡಿ ಆಯುರ್ವೇದ ಔಷಧ ತಯಾರಿಕೆಯನ್ನು ಪರವಾನಗಿಯ ಕೆಳಗೆ ತಂದಿತು. ನಮ್ಮ ಹಿತ್ತಲಿನ ಕೊಪ್ಪರಿಗೆ ಆರಿದ್ದು ಆಗ. ಅಪ್ಪನಿಗೆ ಬೇಸರವಾಯಿತು, ಆದರೆ ಕಾನೂನು ತಪ್ಪು ಎಂದು ಅವರು ಒಂದು ದಿನವೂ ಹೇಳಲಿಲ್ಲ. ಬೇರು, ಕಾಯಿ ಮಾರುತ್ತಾ, ಮನೆಯಲ್ಲಿ ಮಾಡಿಕೊಳ್ಳುವವರಿಗೆ ಪಾಠ ಹೇಳಿಕೊಡುತ್ತಾ ಉಳಿದರು.

ಈಗ ಬರುವವರ ಕೈಯಲ್ಲಿ ಮಾತ್ರೆಗಳ ಕವರ್ ಇರುತ್ತದೆ. ಅವುಗಳಲ್ಲಿ ಕೆಲವು ಬೇಕಾದವೇ. ಸಸ್ಯಾಹಾರಿಗಳಿಗೆ, ವಯಸ್ಸಾಗಿ ಜಠರದ ಆಮ್ಲ ಕಡಿಮೆಯಾದವರಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ-12 ಕೊರತೆ ಆಗುವುದುಂಟು, ಅದನ್ನು ಯಾವ ಲೇಹ್ಯವೂ ತುಂಬುವುದಿಲ್ಲ. ರಕ್ತಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದ್ದು ತೆಗೆದುಕೊಳ್ಳಬೇಕು. ಆದರೆ ಪ್ರಾಸ್ಟೇಟ್ ಕಾಯುತ್ತದೆ ಎಂದು ಲಕ್ಷಾಂತರ ಗಂಡಸರು ನುಂಗಿದ ವಿಟಮಿನ್ ಇ ಕಥೆ ಬೇರೆ. ಅಮೆರಿಕದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ 2011ರ ಫಲಿತಾಂಶದಲ್ಲಿ, ಅದನ್ನು ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಪ್ರತಿಶತ ಹೆಚ್ಚಾಗಿ ಕಂಡಿತು. ಮೂತ್ರದ ತೊಂದರೆಗೆ ಮಾರುವ ಸಾ ಪಾಮೆಟ್ಟೊ ಎಂಬ ಮೂಲಿಕೆ 2006ರ ಪರೀಕ್ಷೆಯಲ್ಲಿ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ. ನಮ್ಮ ನೆಗ್ಗಿಲುಮುಳ್ಳಿನ ಕಷಾಯ ಕುಡಿಯಬೇಡಿ ಎನ್ನಲಾರೆ, ಆದರೆ ಮೂತ್ರ ಕಟ್ಟಿದವರನ್ನು, ರಕ್ತ ಹೋದವರನ್ನು ಅಂಗಡಿ ಮೆಟ್ಟಿಲಿನಿಂದಲೇ ಆಸ್ಪತ್ರೆಗೆ ಕಳಿಸುತ್ತೇನೆ. ಎಲ್ಲಕ್ಕಿಂತ ಭಯ ‘ಗಿಡಮೂಲಿಕೆ’ ಎಂದು ಬರೆದು ಒಳಗೆ ಸಿಲ್ಡೆನಾಫಿಲ್ ಎಂಬ ಇಂಗ್ಲಿಷ್ ಔಷಧ ಬೆರೆಸಿದ ಶಕ್ತಿಗುಳಿಗೆಗಳದ್ದು. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವನು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ದನಿ ತಗ್ಗಿಸಿ ಕೇಳುವ ಗಿರಾಕಿಗೆ ಇದನ್ನು ದನಿ ಎತ್ತಿ ಹೇಳಬೇಕಾಗುತ್ತದೆ.

ಹೋದ ಮಾಗಿಯಲ್ಲಿ ನಂಜನಗೂಡು ಕಡೆಯ ರೈತರೊಬ್ಬರು ಬಂದಿದ್ದರು. ಮಗ ಪಟ್ಟಣದಿಂದ ತಂದುಕೊಟ್ಟ ಚ್ಯವನಪ್ರಾಶವನ್ನು ದಿನಕ್ಕೆ ನಾಲ್ಕು ದೊಡ್ಡ ಚಮಚ ತಿನ್ನುತ್ತಿದ್ದಾರೆ, ರಾತ್ರಿ ಮುದ್ದೆ ಸೇರುತ್ತಿಲ್ಲ. “ಶಕ್ತಿ ಬರ್ಲಿ ಅಂತ ಹುಡುಗ ತಂದವ್ನೆ ಶೆಟ್ರೇ, ಬಿಡಕ್ಕೆ ಮನಸ್ಸು ಬರಲ್ಲ” ಅಂದರು. ಡಬ್ಬಿ ತಿರುಗಿಸಿ ನೋಡಿದರೆ ಅರ್ಧಕ್ಕರ್ಧ ಸಕ್ಕರೆ. ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ ಎಂದೆ. “ಸಕ್ಕರೆ ಇಲ್ಲ ಅಂತಾದ್ರೆ ಬೆಳಿಗ್ಗೆ ಅರ್ಧ ಚಮಚ ಸಾಕು ಯಜಮಾನ್ರೇ. ರಾತ್ರಿ ಮುದ್ದೆ, ಹುರುಳಿಸಾರು ಮೊದಲಿನ ಹಾಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ಅದನ್ನೂ ಬಿಡಿ, ಮುದ್ದೆ ಬಿಡಬೇಡಿ” ಎಂದು ಹೇಳಿ, ಕಾಲು ಕೆಜಿ ಒಣಶುಂಠಿ ತೂಗಿ ಕೊಟ್ಟೆ.