ಬಿಸಿಲಿನ ಬೆನ್ನು ಹತ್ತಿದವರು: ಕರ್ನಾಟಕದ ನಿಸರ್ಗಚಿತ್ರಗಳ ನೂರು ವರ್ಷ

ಮರವನ್ನು ಬರೆಯುವುದಕ್ಕಿಂತ ಮರದ ಮೇಲೆ ಬಿದ್ದ ಬಿಸಿಲನ್ನು ಬರೆಯಬೇಕೆಂಬ ಹಟ ಯುರೋಪಿನಲ್ಲೂ ತೀರಾ ಹಳೆಯದಲ್ಲ. ಪ್ಯಾರಿಸಿನ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಜರ್ಮನಿಯಲ್ಲಿ ಆ ಹಾದಿ ಹಿಡಿದವರಲ್ಲಿ ಹಿರಿಯರು ಮ್ಯಾಕ್ಸ್ ಲೀಬರ್‌ಮನ್. 1898ರಲ್ಲಿ ಹುಟ್ಟಿದ ಬರ್ಲಿನ್ ಸೆಸೆಷನ್ ಎಂಬ ಕಲಾವಿದರ ಕೂಟಕ್ಕೆ ಅವರೇ ಅಧ್ಯಕ್ಷರು. ಅವರು ಹಾಲೆಂಡಿನ ಕಡಲ ದಂಡೆಗೆ ಮತ್ತೆ ಮತ್ತೆ ಹೋಗಿ ಮರಳು, ಗಾಳಿ, ಅಲ್ಲಿ ಅಡ್ಡಾಡುವ ಜನರನ್ನು ಬರೆದರು. ಅದೇ ಹಾದಿಯ ಲೆಸ್ಸರ್ ಉರಿ ಹೆಸರಾದದ್ದು ಮಳೆಯಲ್ಲಿ ನೆಂದ ಬರ್ಲಿನ್ ಬೀದಿಗಳಿಂದ. ಇಬ್ಬರೂ ತಮ್ಮ ತಮ್ಮ ಜಾಗವನ್ನು ಬಿಡದೆ ನೋಡಿದವರು.

ಕರ್ನಾಟಕಕ್ಕೆ ನಿಸರ್ಗಚಿತ್ರ ಎರಡು ದಾರಿಯಲ್ಲಿ ಬಂತು. ದಕ್ಷಿಣದಲ್ಲಿ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದು, ಊಟಿಯ ಮಂಜು, ಮೋಡ, ಬೆಳದಿಂಗಳನ್ನು ಜಲವರ್ಣಕ್ಕೆ ಇಳಿಸಿದರು. ಉತ್ತರದಲ್ಲಿ ಆಗಿನ ಮುಂಬೈ ಪ್ರಾಂತ್ಯದ ದಾರಿ. 1857ರಲ್ಲಿ ಶುರುವಾದ ಜೆ.ಜೆ. ಕಲಾಶಾಲೆಯ ಶಿಸ್ತು ಡ್ರಾಯಿಂಗ್ ಪರೀಕ್ಷೆಗಳ ಮೂಲಕ ಹಳ್ಳಿಯ ಶಾಲೆಗಳವರೆಗೂ ಇಳಿದಿತ್ತು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ ಈ ಭಾಗದ ಹುಡುಗರಿಗೆ ಬಣ್ಣ ಕಲಿಸಿದವು. ಈಗಿನ ಹಾವೇರಿ ಸೀಮೆಯ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಆಗ ಧಾರವಾಡ ಜಿಲ್ಲೆಯವು. ಸವಣೂರು ನವಾಬರ ಸಂಸ್ಥಾನ.

ಕಡಲಿನ ಕಡೆಯಿಂದ ಮುಂಬೈಗೆ ಹೋದವರು ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996). ಜೆ.ಜೆ. ಶಾಲೆಯಲ್ಲಿ ಓದಿ, ಆಮೇಲೆ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲೂ ಕಲಿತರು. ಅದೇ ಕಾಲಕ್ಕೆ, ನಾಜಿಗಳ ಕಾಟಕ್ಕೆ ಊರು ಬಿಟ್ಟ ಆಸ್ಟ್ರಿಯಾದ ವಾಲ್ಟರ್ ಲಾಂಗ್‌ಹ್ಯಾಮರ್ ಮುಂಬೈಗೆ ಬಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ನಿರ್ದೇಶಕರಾಗಿದ್ದರು. ಅವರ ಮನೆಗೆ ಹೋಗಿಬರುತ್ತಿದ್ದ ಎಸ್.ಎಚ್. ರಝಾರಂಥ ಹೊಸ ಚಿತ್ರಕಾರರು ಬಣ್ಣವನ್ನು ಧಾರಾಳವಾಗಿ ಬಳಸುವ ಧೈರ್ಯ ಪಡೆದರು. ಹೆಬ್ಬಾರರು ಮಾತ್ರ ನಿಸರ್ಗಚಿತ್ರದಲ್ಲೇ ನಿಲ್ಲದೆ ರೇಖೆಯ ಲಯದ ಕಡೆಗೆ ನಡೆದರು.

ಪಟ್ಟಣದ ಚಿತ್ರ ನಮ್ಮಲ್ಲಿ ಪೂರ್ತಿ ಅರಳಿದ್ದು ರುಮಾಲೆ ಚನ್ನಬಸವಯ್ಯನವರ (1910–1988) ಕೈಯಲ್ಲಿ. ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರು. ರಾಜಕೀಯ ಸಾಕೆನಿಸಿ 1960ರ ದಶಕದಲ್ಲಿ ಕುಂಚಕ್ಕೆ ಮರಳಿದರು. ಬೆಂಗಳೂರಿನ ರಸ್ತೆಬದಿಯ ಗುಲ್‌ಮೊಹರ್, ಜಕರಂಡಾ ಹೂ ಬಿಟ್ಟ ದಿನಗಳಲ್ಲಿ ಮರದೆದುರೇ ಕೂತು ಬರೆದರು. ಹತ್ತಿರದಿಂದ ನೋಡಿದರೆ ಅವರ ಚಿತ್ರ ಬರೀ ದಪ್ಪ ಬಣ್ಣದ ಗೀರುಗಳ ಗೋಜಲು; ನಾಲ್ಕು ಹೆಜ್ಜೆ ಹಿಂದೆ ಸರಿದರೆ ಟೊಂಗೆ, ನೆರಳು, ಬಿಸಿಲು ತಾವಾಗಿ ಕೂಡಿಕೊಳ್ಳುತ್ತವೆ. ಲೀಬರ್‌ಮನ್‌ಗೆ ಹಾಲೆಂಡಿನ ದಂಡೆ ಹೇಗೋ ಇವರಿಗೆ ಬೆಂಗಳೂರಿನ ಸಾಲುಮರಗಳು ಹಾಗೆ.

ಹಾವೇರಿ ಸೀಮೆಯ ಕಥೆ ಬೇರೆ. ಇಲ್ಲಿನ ಹೆಸರಾಂತ ಕಲಾವಿದ ಟಿ.ಬಿ. ಸೊಲಬಕ್ಕನವರ ಚಿತ್ರಕಾರರೇ ಆದರೂ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದರು. ರೈತ, ದನಕರು, ಮನೆಯಂಗಳ, ಎಲ್ಲವೂ ಬಯಲಲ್ಲಿವೆ. ಕ್ಯಾನ್ವಾಸಿನ ಚಿತ್ರಕಾರ ಒಂದು ಹೊತ್ತಿನ ಬೆಳಕನ್ನು ಹಿಡಿದಿಡುತ್ತಾನೆ. ಇಲ್ಲಿ ಆಕಾರ ನಿಂತಿರುತ್ತದೆ, ಬೆಳಕನ್ನು ಶಿಗ್ಗಾವಿಯ ಬಿಸಿಲೇ ಗಳಿಗೆಗೊಂದು ಬಗೆಯಾಗಿ ಬಳಿಯುತ್ತದೆ.

ಆದರೂ ಈ ನೆಲದ ಬಣ್ಣ ಇನ್ನೂ ಕ್ಯಾನ್ವಾಸಿಗೆ ಸಾಕಷ್ಟು ಬಂದಿಲ್ಲವೆಂದೇ ನನ್ನ ಅನಿಸಿಕೆ. ಪಡುವಣಕ್ಕೆ ಮಲೆನಾಡಿನ ಸೆರಗು ಹಿಡಿದ ಹಾನಗಲ್ಲಿನ ಭತ್ತದ ಗದ್ದೆ, ಮೂಡಣಕ್ಕೆ ಎರೆಹೊಲ. ಸವಣೂರಿನ ವೀಳ್ಯದೆಲೆ ತೋಟದೊಳಗಿನ ಹಸಿರು ನೆರಳು, ಅಲ್ಲಿನ ಕಲ್ಮಠದ ದೊಡ್ಡಹುಣಸೆ ಮರಗಳ ಬೂದಿ ಬಣ್ಣದ ಬೊಡ್ಡೆ; ಹಿರೇಕೆರೂರು ಸೀಮೆಯ ಮಾಸೂರಿನಲ್ಲಿ ಗುಡ್ಡಗಳ ನಡುವಿನ ಮದಗದ ಕೆರೆ. ಒಂದೇ ಜಿಲ್ಲೆಯೊಳಗೆ ಇಷ್ಟು ಬಗೆಯ ಬೆಳಕು. ಊಟಿಗೆ ವೆಂಕಟಪ್ಪ, ಬೆಂಗಳೂರಿಗೆ ರುಮಾಲೆ ಸಿಕ್ಕರು. ಅವರು ಬಂದು ನೋಡಿ ಹೋದವರಲ್ಲ, ಕೂತು ನೋಡಿದವರು. ಹಾನಗಲ್ಲಿಗೂ ಸವಣೂರಿಗೂ ಬೇಕಾದದ್ದು ಮತ್ತೊಂದು ಕಲಾಶಿಬಿರವಲ್ಲ. ಮುಂಗಾರಿನಿಂದ ಸುಗ್ಗಿಯವರೆಗೆ ಒಂದೇ ಕೆರೆಯ ಏರಿಗೆ ಹೋಗಿ ಕೂರುವ ಒಬ್ಬ ಚಿತ್ರಕಾರ.