1947–48ರ ಗಡಿ ನಿರಾಶ್ರಿತರು: ಆಳಂದ, ಅಫಜಲಪುರ, ಜೇವರ್ಗಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದ ನಂತರದ ಹದಿಮೂರು ತಿಂಗಳಲ್ಲಿ ಕಾಸಿಂ ರಜವಿಯ ರಜಾಕಾರರ ಹಾವಳಿಗೆ ಅಂಜಿ ಇಲ್ಲಿನ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಗಡಿಯಾಚೆ ಹೋದವು. ಈ ಭಾಗದ ಹಿರಿಯರು ‘ರಜಾಕಾರ ಗದ್ದಲ’ ಎನ್ನುವುದು ಈ ಕಾಲವನ್ನೇ.

ಆಳಂದದವರಿಗೆ ಹತ್ತಿರದ ದಾರಿ ವಾಗ್ದರಿ, ಅಕ್ಕಲಕೋಟದ ಕಡೆಗೆ. ಅಫಜಲಪುರದವರಿಗೆ ದುಧನಿ, ಅಲ್ಲಿ ರೈಲು ನಿಲ್ದಾಣವಿದ್ದುದರಿಂದ ಮುಂದೆ ಸೊಲ್ಲಾಪುರಕ್ಕೂ ಹೋಗಬಹುದಿತ್ತು. ಜೇವರ್ಗಿ ಕಡೆಯವರಿಗೆ ಪಶ್ಚಿಮದ ಸಿಂದಗಿ ಸೀಮೆ, ಅದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಸಂಸ್ಥಾನ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದೂ ಸಿಂದಗಿಯಲ್ಲೇ.

ಈ ಗಡಿ ಆಡಳಿತದ ಗೆರೆಯಾಗಿತ್ತೇ ಹೊರತು ಮಾತಿನ ಗೆರೆಯಾಗಿರಲಿಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಮನೆಮಾತು ಕನ್ನಡ. 1967ರಲ್ಲಿ ಮಹಾಜನ್ ಆಯೋಗ ಈ ಪ್ರದೇಶಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ಜೈನ ಮನೆತನಗಳಿಗಂತೂ ಆ ಕಡೆ ಬೀಗತನವೂ ಇತ್ತು, ವ್ಯಾಪಾರವೂ ಇತ್ತು. ಹೀಗಾಗಿ ಹೋದವರಿಗೆ ನೀರು ಕೇಳಲು ಹೊಸ ಭಾಷೆ ಕಲಿಯಬೇಕಾಗಲಿಲ್ಲ.

ಆದರೆ ಕಾಗದದ ಭಾಷೆ ಬೇರೆಯಾಗಿತ್ತು. ಸಂಸ್ಥಾನದ ಕಚೇರಿ ಉರ್ದುವಿನದು, ದೊಡ್ಡ ಶಾಲೆಗಳೂ ಉರ್ದುವಿನವು. ಸೊಲ್ಲಾಪುರದಲ್ಲಿ ಅರ್ಜಿ ಬರೆಯುವುದು ಮರಾಠಿಯಲ್ಲಿ. ಉರ್ದುವಿನಲ್ಲಿ ಲೆಕ್ಕ ಕಲಿತ ಹುಡುಗ ಮರಾಠಿ ಶಾಲೆಯ ಬಾಗಿಲಲ್ಲಿ ಮತ್ತೆ ಒಂದನೆಯ ಪಾಠದಿಂದ ಆರಂಭಿಸಬೇಕು. ಹಣವೂ ಬೇರೆ. ಸಂಸ್ಥಾನದಲ್ಲಿ ‘ಹಾಲಿ’ ರೂಪಾಯಿ, ಗಡಿಯಾಚೆ ‘ಕಲ್ದಾರ’. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕು, ಅಂದರೆ ಏಳಕ್ಕೆ ಆರು. ಸೊಂಟದಲ್ಲಿ ಕಟ್ಟಿಕೊಂಡು ಬಂದ ಗಂಟಿನ ಏಳನೆಯ ಒಂದು ಪಾಲು ಲೆಕ್ಕದಲ್ಲೇ ಕಡಿಮೆಯಾಗುತ್ತಿತ್ತು. ಸಂಸ್ಥಾನದ ಸುಂಕಕ್ಕೆ ಕರೋಡಗಿರಿ ನಾಕಾ ಬೇರೆ. ಇಂಥ ಹೊತ್ತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲ ಒಬ್ಬ ಗುಮಾಸ್ತನ ನೆರವು ಒಂದು ಚೀಲ ಜೋಳಕ್ಕಿಂತ ಕಡಿಮೆಯದಲ್ಲ.

ಗಡಿಯುದ್ದಕ್ಕೂ ಸಂಸ್ಥಾನ ಕಾಂಗ್ರೆಸ್ಸಿನ ಶಿಬಿರಗಳಿದ್ದವು. ಅಲ್ಲಿ ಇದ್ದು ಹೋರಾಡಿದವರಿಗೆ ಬಹಳ ವರ್ಷಗಳ ನಂತರ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಕೊಟ್ಟಿತು; ಅರ್ಜಿ, ಸಾಕ್ಷಿ, ಪರಿಶೀಲನೆ ಎಲ್ಲ ನಡೆದು ಅವರ ಹೆಸರು ಕಡತಕ್ಕೆ ಬಂತು. ಆಶ್ರಯ ಕೇಳಿ ಬಂದವರಿಗೆ, ಪಡಸಾಲೆ ಬಿಟ್ಟುಕೊಟ್ಟವರಿಗೆ, ಅಡುಗೆ ಮಾಡಿ ಬಡಿಸಿದ ಹೆಂಗಸರಿಗೆ ಅಂಥ ಅರ್ಜಿಯೇ ಇರಲಿಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ನಳದುರ್ಗದ ದಾರಿ ಹಿಡಿದು ಒಳಬಂತು. ಐದನೆಯ ದಿನ ನಿಜಾಮರು ಶರಣಾದರು. ಹೋದವರು ಊರಿಗೆ ಮರಳತೊಡಗಿದರು. ಇಲ್ಲಿಗೆ ಕಥೆ ನಿಲ್ಲಿಸುವುದು ರೂಢಿ, ಆದರೆ ಅದು ಅರ್ಧ ಕಥೆ. ಆ ಮೇಲಿನ ವಾರಗಳಲ್ಲಿ ಮನೆ ಬಿಟ್ಟು ಓಡಿದವರು ಮುಸ್ಲಿಮರು, ಅವರಲ್ಲಿ ಹೆಚ್ಚಿನವರು ರಜಾಕಾರರಿಗೆ ಸಂಬಂಧವಿಲ್ಲದವರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಜೀವ ಕೊಟ್ಟು ಕಾಪಾಡಿದ್ದನ್ನೂ ಅದೇ ವರದಿ ದಾಖಲಿಸಿದೆ. ಅಹಿಂಸೆಯನ್ನು ಅಣುವ್ರತವಾಗಿ ಹಿಡಿದ ಸಮಾಜ ಎರಡೂ ಕಡೆಯ ನಿರಾಶ್ರಿತರನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಬೇಕು.

ಮಾತು ತಿಳಿಯದ ಊರಿನಲ್ಲಿ ನೆಲೆ ನಿಲ್ಲುವುದು ಎಷ್ಟು ಕಷ್ಟವೆಂದು ನೋಡಲು ದೂರ ಹೋಗಬೇಕಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟಿತು. ಜಮೀನಿನ ಜೊತೆ ಭಾಷೆ ಬರುವುದಿಲ್ಲ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಎಂದು ಅವರ ಮಕ್ಕಳು ಎರಡೂ ಕಲಿತರು.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಹತ್ತಿರವಾಗಿದೆ. ಮೂರೂ ತಾಲ್ಲೂಕಿನ ಮನೆತನಗಳು, ಹಾಗೆಯೇ ಅಕ್ಕಲಕೋಟ, ಸಿಂದಗಿ ಕಡೆಯ ಬೀಗರು, ಹಿರಿಯರಿಂದ ಕೇಳಿ ಬರೆದಿಡಬೇಕಾದದ್ದು ಇಷ್ಟು: ಯಾವ ಊರಿನಿಂದ ಹೊರಟರು, ಯಾವ ದಾರಿ, ಯಾರ ಮನೆಯಲ್ಲಿ ಎಷ್ಟು ದಿನ, ಆಭರಣ ಮತ್ತು ಬಸದಿಯ ವಸ್ತುಗಳನ್ನು ಯಾರ ವಶಕ್ಕೆ ಕೊಟ್ಟರು, ಮರಳಿದಾಗ ಏನು ಉಳಿದಿತ್ತು. ತಿಥಿ ನೆನಪಿಲ್ಲದಿದ್ದರೆ ಹಳೆಯ ಖಾತೆ ಪುಸ್ತಕ ನೋಡಬಹುದು. ಹಾಲಿಯಲ್ಲಿ ಬರೆಯುತ್ತಿದ್ದ ಜಮಾ ಒಂದು ಪುಟದಿಂದ ಕಲ್ದಾರಕ್ಕೆ ತಿರುಗಿದ್ದರೆ, ಗಡಿ ದಾಟಿದ್ದು ಆ ದಿನಗಳಲ್ಲೇ ಇರಬಹುದು. ಮೋಡಿ ಲಿಪಿ ಓದಲು ಬಾರದೆಂದು ಇಂಥ ಪುಸ್ತಕಗಳನ್ನು ರದ್ದಿಗೆ ಹಾಕಬಾರದು.